ಸರಪಣಿ ಗರಗಸದ ದುರಸ್ತಿಗೆ ತಕ್ಕ ಬೋಲ್ಟು ಮತ್ತು ತಿರುಪುಮೊಳೆಗಳ ಆಯ್ಕೆ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳುಮರಗಳ ಕೊಂಬೆಗಳನ್ನು ಸವರುವುದಕ್ಕೂ, ಮಳೆಗಾಲದ ಗಾಳಿಗೆ ಉರುಳಿದ ಮರಗಳನ್ನು ತುಂಡರಿಸುವುದಕ್ಕೂ ಚೈನ್‌ಸಾ ಎಂದು ಕರೆಯಲ್ಪಡುವ ಸರಪಣಿ ಗರಗಸವು ಈಗ ಬಳಕೆಯಲ್ಲಿದೆ. ಈ ಯಂತ್ರವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದು. ಅದರಿಂದುಂಟಾಗುವ ನಡುಕಕ್ಕೆ ಬೋಲ್ಟುಗಳೂ ತಿರುಪುಮೊಳೆಗಳೂ ಕ್ರಮೇಣ ಸಡಿಲಗೊಂಡು, ಒಂದೆರಡು ತೋಟದ ತರಗಿನಲ್ಲಿ ಬಿದ್ದುಹೋಗುವುದು ಸಾಮಾನ್ಯ. ಆಗ ಯಜಮಾನನು ಪೇಟೆಯ ಕಬ್ಬಿಣದ ಅಂಗಡಿಯಿಂದ ಕಣ್ಣಂದಾಜಿಗೆ ಹೊಂದುವ ಯಾವುದೋ ಒಂದು ಬೋಲ್ಟನ್ನು ತಂದು ಬಲವಂತವಾಗಿ ತಿರುಗಿಸಿ ಕೂರಿಸುವುದುಂಟು. ಅಲ್ಪ ಬೆಲೆಯ ಒಂದು ವಸ್ತುವಿನಿಂದ ಬೆಲೆಬಾಳುವ ಯಂತ್ರವು ಕೆಡುವುದಕ್ಕೆ ಇದೇ ಮೊದಲ ಕಾರಣವಾಗುತ್ತದೆ. ಆದುದರಿಂದ ಸರಿಯಾದ ಬೋಲ್ಟನ್ನು ಗುರುತಿಸುವ ಕ್ರಮವನ್ನು ಪ್ರತಿಯೊಬ್ಬ ತೋಟಗಾರನೂ ತಿಳಿದಿರುವುದು ಅವಶ್ಯಕವು.

ತಪ್ಪಾದ ಬೋಲ್ಟಿನಿಂದ ಆಗುವ ಹಾನಿ:—

ಹೆಚ್ಚಿನ ಕೆಲಸಕ್ಕಾಗಿ ತಯಾರಾದ ಗರಗಸಗಳಲ್ಲಿ ಎಂಜಿನ್ನಿನ ಒಡಲನ್ನು ಮೆಗ್ನೀಷಿಯಂ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಯಂತ್ರದ ತೂಕವನ್ನು ತಗ್ಗಿಸುವುದಕ್ಕಾಗಿ ಹೀಗೆ ಮಾಡುವರು. ಈ ಲೋಹವು ಉಕ್ಕಿಗಿಂತ ಬಹಳ ಮೆದು. ಅಳತೆ ತಪ್ಪಿದ ಉಕ್ಕಿನ ಬೋಲ್ಟನ್ನು ಅದರೊಳಕ್ಕೆ ಬಲವಂತವಾಗಿ ತಿರುಗಿಸಿದರೆ ಸವೆಯುವುದು ಬೋಲ್ಟಲ್ಲ, ಯಂತ್ರದ ಒಡಲು. ಬೋಲ್ಟನ್ನು ಬದಲಾಯಿಸಬಹುದು, ಒಡಲನ್ನು ಬದಲಾಯಿಸಬೇಕಾದರೆ ಇಡೀ ಎಂಜಿನ್ನನ್ನೇ ಬಿಚ್ಚಬೇಕಾಗುವುದು.

ಸಿಲಿಂಡರಿನ ಬುಡದ ಬೋಲ್ಟುಗಳು ಸರಿಯಾಗಿ ಬಿಗಿಯದಿದ್ದರೆ ಸಂದಿನಿಂದ ಹೊರಗಿನ ಗಾಳಿ ಒಳನುಗ್ಗಿ ಇಂಧನದ ಪ್ರಮಾಣವು ತೆಳುವಾಗುತ್ತದೆ. ಈ ಎಂಜಿನ್ನುಗಳಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಜಿಡ್ಡಾದುದರಿಂದ, ಇಂಧನ ಕಡಿಮೆಯಾದೊಡನೆ ಜಿಡ್ಡೂ ಕಡಿಮೆಯಾಗಿ ಪಿಸ್ಟನ್ನು ಕಾದು ಗೀರಿಕೊಂಡು ಕಚ್ಚಿಕೊಳ್ಳುವುದು. ಸೈಲೆನ್ಸರಿನ ಬೋಲ್ಟು ಸಡಿಲವಾದರೆ ಬಿಸಿ ಹೊಗೆಯು ಪಕ್ಕಕ್ಕೆ ಹಾಯ್ದು ಪ್ಲಾಸ್ಟಿಕ್ ಮುಚ್ಚಳಗಳನ್ನು ಕರಗಿಸುವುದು. ಸರಪಣಿಯು ತುಂಡಾದಾಗ ಅಥವಾ ಜಾರಿದಾಗ ಅದನ್ನು ತಡೆಯುವುದಕ್ಕಾಗಿ ಪಟ್ಟಿಯ ಬುಡದಲ್ಲಿ ಒಂದು ಸಣ್ಣ ತಡೆಗೂಟವಿರುತ್ತದೆ. ಅದರ ತಿರುಪುಮೊಳೆ ಬಿದ್ದುಹೋಗಿದ್ದರೆ ಅಪಾಯವು ಯಂತ್ರಕ್ಕಲ್ಲ, ಹಿಂದಿನ ಹಿಡಿಯನ್ನು ಹಿಡಿದಿರುವ ಆಳಿನ ಕೈಗೆ.

ಎರಡು ಬಗೆಯ ಅಳತೆಗಳು:—

ಬೋಲ್ಟಿನ ಮೈಮೇಲೆ ಸುತ್ತಿಕೊಂಡಿರುವ ತಿರುಪಿನ ಗೆರೆಯನ್ನು ದುರಸ್ತಿಗಾರರು ಥ್ರೆಡ್ಡು ಎನ್ನುವರು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು 1841ರಲ್ಲಿ ಸೂಚಿಸಿದ ಅಂಗುಲದ ಕ್ರಮವು ಭಾರತದಲ್ಲಿಯೂ ಬಹುಕಾಲ ರೂಢಿಯಲ್ಲಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಜಾರಿಗೆ ಬಂದರೂ ಅಂಗುಲದ ಬೋಲ್ಟುಗಳು ಅಂಗಡಿಗಳಿಂದ ಮಾಯವಾಗಲಿಲ್ಲ. ಆದರೆ ಈಗ ಮಾರಾಟವಾಗುವ ಸರಪಣಿ ಗರಗಸಗಳಲ್ಲಿ ಸಾಮಾನ್ಯವಾಗಿ ಇರುವುದು ಮೆಟ್ರಿಕ್ ಅಳತೆಯೇ. ಹೋಮ್‌ಲೈಟ್, ಮೆಕಲಕ್ ಮೊದಲಾದ ಹಳೆಯ ಅಮೆರಿಕನ್ ಗರಗಸಗಳಲ್ಲಿ ಮಾತ್ರ ಅಂಗುಲದ ಅಳತೆ ಕಂಡುಬರುತ್ತದೆ.

ಮೆಟ್ರಿಕ್ ಬೋಲ್ಟುಗಳನ್ನು ಎಂ ಅಕ್ಷರದಿಂದಲೂ ಮಿಲಿಮೀಟರಿನಲ್ಲಿ ದಪ್ಪವನ್ನು ಹೇಳುವ ಅಂಕಿಯಿಂದಲೂ ಗುರುತಿಸುತ್ತಾರೆ. ಗರಗಸಗಳಲ್ಲಿ ಹೆಚ್ಚಾಗಿ ಬರುವವು ಎಂ 4, ಎಂ 5, ಎಂ 6 ಮತ್ತು ಎಂ 8. ಒಂದು ಥ್ರೆಡ್ಡಿನ ತುದಿಯಿಂದ ಮುಂದಿನ ಥ್ರೆಡ್ಡಿನ ತುದಿಯವರೆಗಿನ ಅಂತರವು ಇವುಗಳಲ್ಲಿ ಕ್ರಮವಾಗಿ 0.7, 0.8, 1.0 ಮತ್ತು 1.25 ಮಿಲಿಮೀಟರ್ ಇರುವುದು.

ಗಮನಿಸಬೇಕಾದ ನಾಲ್ಕು ಅಂಶಗಳು:—

(1) ದಪ್ಪ. ವರ್ನಿಯರ್ ಕ್ಯಾಲಿಪರಿನಿಂದ ಥ್ರೆಡ್ಡಿನ ಮೇಲ್ಭಾಗದಲ್ಲಿ ಅಳೆಯತಕ್ಕದ್ದು. ಹೊಸ ಬೋಲ್ಟು ಕೂಡ ಹೆಸರಿಗಿಂತ ಸ್ವಲ್ಪ ಕಡಿಮೆ ತೋರಿಸುವುದು. ಎಂ 5 ಬೋಲ್ಟು 4.8ರಿಂದ 5 ಮಿಲಿಮೀಟರಿನೊಳಗೆ ಇರುತ್ತದೆ.

(2) ಥ್ರೆಡ್ಡಿನ ಅಂತರ. ಇದಕ್ಕೆಂದೇ ಇರುವ ಹಲ್ಲುಪಟ್ಟಿ ಇಲ್ಲದಿದ್ದರೆ ಹತ್ತು ಅಂತರಗಳನ್ನು ಒಟ್ಟಿಗೆ ಅಳೆಯಬೇಕು. ಮೊದಲನೆಯ ತುದಿಯಿಂದ ಹನ್ನೊಂದನೆಯ ತುದಿಯವರೆಗೆ ಎಂ 5ರಲ್ಲಿ 8 ಮಿಲಿಮೀಟರ್, ಎಂ 6ರಲ್ಲಿ 10, ಎಂ 8ರಲ್ಲಿ 12.5 ಬರುವುದು. ಅಂಗಡಿಯವನು 3/16 ಅಂಗುಲದ ವಿಟ್‌ವರ್ತ್ ಬೋಲ್ಟನ್ನು ಎಂ 5 ಎಂದು ಕೊಟ್ಟರೆ, ದಪ್ಪದಲ್ಲಿ ಕಾಲು ಮಿಲಿಮೀಟರಿನಷ್ಟೇ ವ್ಯತ್ಯಾಸ ಕಾಣುವುದು; ಹತ್ತು ಅಂತರಗಳಲ್ಲಿಯಾದರೋ 8ಕ್ಕೆ ಬದಲಾಗಿ 10.6 ಮಿಲಿಮೀಟರ್ ಬಂದು ಮೋಸವು ಬಯಲಾಗುವುದು. ಹಾಗೆಯೇ 5/16 ಅಂಗುಲದ ಬೋಲ್ಟು ಎಂ 8ರಂತೆಯೇ ತೋರುವುದಾದರೂ ಅದರಲ್ಲಿ 14.1 ಮಿಲಿಮೀಟರ್ ಬರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ವಂಚಿಸುವುದು ಅಂಗುಲಕ್ಕೆ 32 ಥ್ರೆಡ್ಡುಗಳುಳ್ಳ ಅಮೆರಿಕನ್ 10ನೆಯ ನಂಬರಿನ ತಿರುಪುಮೊಳೆ. ಇದರ ಹತ್ತು ಅಂತರಗಳು 7.9 ಮಿಲಿಮೀಟರ್ ಆಗುವುದರಿಂದ ಎಂ 5ಕ್ಕೂ ಇದಕ್ಕೂ ಭೇದವು ಕಣ್ಣಿಗೆ ಕಾಣದು. ಇದು ಎಂ 5 ರಂಧ್ರದೊಳಕ್ಕೆ ಸಲೀಸಾಗಿ ಹೋಗುವುದು, ಆದರೆ ಸಡಿಲವಾಗಿ ನಿಂತು, ಬಿಗಿಮಾಡುವಾಗ ಮೆದುಲೋಹದ ಥ್ರೆಡ್ಡನ್ನು ಕಿತ್ತುಹಾಕುವುದು. ಹೊಸ ಮೊಳೆಯ ದಪ್ಪವು 4.8 ಮಿಲಿಮೀಟರಿಗಿಂತ ಕಡಿಮೆ ಬಂದರೆ ಅದನ್ನು ಸಂಶಯದಿಂದಲೇ ನೋಡತಕ್ಕದ್ದು.

(3) ಉದ್ದ. ತಲೆಯ ಕೆಳಗಿನಿಂದ ತುದಿಯವರೆಗಿನ ಅಳತೆಯೇ ಬೋಲ್ಟಿನ ಉದ್ದ. ತಲೆಯು ಲೋಹದೊಳಗೆ ಮುಳುಗಿ ಕೂರುವ ಜಾತಿಯದಾದರೆ ಮಾತ್ರ ತಲೆಯನ್ನೂ ಸೇರಿಸಿ ಅಳೆಯಬೇಕು. ಉದ್ದ ಕಡಿಮೆಯಾದರೆ ಎರಡು ಮೂರು ಥ್ರೆಡ್ಡುಗಳ ಮೇಲೆಯೇ ಭಾರವೆಲ್ಲಾ ಬಿದ್ದು ಅವು ಕಿತ್ತುಬರುವುವು. ಹಗುರ ಲೋಹಗಳಲ್ಲಿ ಬೋಲ್ಟು ತನ್ನ ದಪ್ಪದ ಎರಡರಷ್ಟಾದರೂ ಒಳಗೆ ಇಳಿದಿರುವುದು ಒಳ್ಳೆಯದು. ಉದ್ದ ಹೆಚ್ಚಾದರೂ ಕೆಡುಕೇ. ತಳವಿರುವ ರಂಧ್ರದಲ್ಲಿ ತುದಿಯು ತಳವನ್ನು ಮುಟ್ಟಿ ಬಿಗಿಯಾದಂತೆ ತೋರುವುದು. ಭಾಗವು ಮಾತ್ರ ಸಡಿಲವಾಗಿಯೇ ಇರುವುದು. ಇನ್ನೂ ತಿರುಗಿಸಿದರೆ ಎರಕವು ಬಿರಿಯುವುದು.

(4) ತಲೆ. ಈಗಿನ ಗರಗಸಗಳ ಎಂ 5 ತಿರುಪುಮೊಳೆಗಳಲ್ಲಿ ಆರು ಮೂಲೆಯ ನಕ್ಷತ್ರಾಕಾರದ ಟಾರ್ಕ್ಸ್ ಗುಳಿಯು ಸಾಮಾನ್ಯ. ಅದಕ್ಕೆ ಹಲವು ಯಂತ್ರಗಳಲ್ಲಿ ಟಿ 27 ಎಂಬ ಕೀಲಿಯು ಬೇಕಾಗುವುದು. ಅದಕ್ಕಿಂತ ಚಿಕ್ಕದಾದ ಟಿ 25 ಕೂಡ ಗುಳಿಯೊಳಗೆ ಕೂರುವುದಾದರೂ ಬಲಹಾಕಿದೊಡನೆ ಮೂಲೆಗಳನ್ನು ಸವೆಯಿಸುವುದು. ಗುಳಿಯಲ್ಲಿ ಕೂತಿರುವ ಎಣ್ಣೆ ಮತ್ತು ಮರದ ಪುಡಿಯನ್ನು ಮೊದಲು ಮೊಳೆಯ ತುದಿಯಿಂದ ಕೆದಕಿ ತೆಗೆಯತಕ್ಕದ್ದು.

ಯಾವ ವಸ್ತುವಿಗೆ ಯಾವ ಮೊಳೆ:—

ಒಂದೇ ಗರಗಸದಲ್ಲಿ ಮೂರು ಜಾತಿಯ ತಿರುಪುಮೊಳೆಗಳಿರಬಹುದು. ಮೊದಲೇ ಥ್ರೆಡ್ಡು ಕೊರೆದ ಲೋಹಕ್ಕೆ ಹೋಗುವವು ಒಂದು ಜಾತಿ. ಲೋಹದಲ್ಲಿ ತಾವೇ ಥ್ರೆಡ್ಡನ್ನು ಮಾಡಿಕೊಳ್ಳುವವು ಎರಡನೆಯದು. ಪ್ಲಾಸ್ಟಿಕ್ಕಿಗೆ ಹೋಗುವ, ವಿರಳವಾದ ಎತ್ತರದ ಥ್ರೆಡ್ಡುಳ್ಳವು ಮೂರನೆಯದು. ಸ್ಟಿಲ್ ಕಂಪೆನಿಯ ಪಟ್ಟಿಗಳಲ್ಲಿ ಇವಕ್ಕೆ ಅನುಕ್ರಮವಾಗಿ ಎಂ, ಡಿ, ಪಿ ಎಂಬ ಅಕ್ಷರಗಳಿವೆ. ಒಂದರ ಸ್ಥಳಕ್ಕೆ ಮತ್ತೊಂದನ್ನು ಹಾಕಬಾರದು.

ಎರಡನೆಯ ಮತ್ತು ಮೂರನೆಯ ಜಾತಿಯವನ್ನು ಮತ್ತೆ ಕೂರಿಸುವಾಗ ಒಂದು ಯುಕ್ತಿಯನ್ನು ಅನುಸರಿಸತಕ್ಕದ್ದು. ಮೊಳೆಯನ್ನು ರಂಧ್ರದಲ್ಲಿಟ್ಟು ಮೊದಲು ಹಿಂದಕ್ಕೆ, ಅಂದರೆ ಎಡಕ್ಕೆ, ಮೆಲ್ಲಗೆ ತಿರುಗಿಸಬೇಕು. ಹಳೆಯ ಥ್ರೆಡ್ಡಿನ ಬಾಯಿ ಸಿಕ್ಕಿದಾಗ ಮೊಳೆಯು ತುಸು ಕೆಳಕ್ಕೆ ಇಳಿದಂತೆ ಕೈಗೆ ತಿಳಿಯುವುದು. ಆಮೇಲೆ ಬಲಕ್ಕೆ ತಿರುಗಿಸಿದರೆ ಅದು ಹಳೆಯ ದಾರಿಯಲ್ಲಿಯೇ ಹೋಗುವುದು. ಹೀಗೆ ಮಾಡದಿದ್ದರೆ ಸಾರಿಸಾರಿಗೂ ಹೊಸ ದಾರಿ ಕೊರೆದು, ಕಡೆಗೆ ರಂಧ್ರದಲ್ಲಿ ಹಿಡಿತವೇ ಉಳಿಯದು.

ಉಕ್ಕಿನ ಬಲ ಮತ್ತು ಲೇಪ:—

ಷಟ್ಕೋನ ತಲೆಯ ಉಕ್ಕಿನ ಬೋಲ್ಟುಗಳ ತಲೆಯ ಮೇಲೆ 8.8, 10.9 ಮುಂತಾದ ಗುರುತುಗಳಿರುತ್ತವೆ. ಮೊದಲನೆಯ ಅಂಕಿಯನ್ನು ನೂರರಿಂದ ಗುಣಿಸಿದರೆ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತಕ್ಕೆ ಬೋಲ್ಟು ತುಂಡಾಗುವುದೆಂಬುದು ತಿಳಿಯುವುದು. 8.8 ಎಂದರೆ 800. ಎರಡನೆಯ ಅಂಕಿಯು ಆ ಬಲದ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟು ಶಾಶ್ವತವಾಗಿ ಹಿಗ್ಗುವುದೆಂಬುದನ್ನು ತೋರಿಸುತ್ತದೆ. ಗೇಟು ಬೇಲಿಗಳಿಗೆ ಸಾಕಾಗುವ 4.6 ಗುರುತಿನ ಬೋಲ್ಟನ್ನು ಸಿಲಿಂಡರಿನ ಬುಡಕ್ಕೆ ಹಾಕುವುದು ಸರಿಯಲ್ಲ.

ತುಕ್ಕು ಹಿಡಿಯದೆಂಬ ಕಾರಣದಿಂದ ಕೆಲವರು ಸ್ಟೇನ್‌ಲೆಸ್ ಉಕ್ಕನ್ನು ಆರಿಸುವರು. ಮೆಗ್ನೀಷಿಯಂ ಒಡಲಿಗೆ ಇದು ಹಿತವಲ್ಲ. ಈ ಎರಡು ಲೋಹಗಳ ನಡುವೆ ತೇವ ಸೇರಿದರೆ ವಿದ್ಯುತ್‌ಕ್ರಿಯೆಯುಂಟಾಗಿ ಮೆಗ್ನೀಷಿಯಂ ತಿನ್ನಿಸಿಕೊಳ್ಳುವುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಕ್ಕುವ ಎ 2-70 ಗುರುತಿನ ಸ್ಟೇನ್‌ಲೆಸ್ ಬೋಲ್ಟಿನ ಬಲವೂ 700 ಮಾತ್ರ. ಸತುವಿನ ಲೇಪವಿರುವ ಉಕ್ಕಿನ ಬೋಲ್ಟೇ ಮೇಲು.

ಎಡ ತಿರುಪಿನ ಭಾಗಗಳು:—

ಗರಗಸದ ಕ್ಲಚ್ಚು ಸಾಮಾನ್ಯವಾಗಿ ಎಡ ಥ್ರೆಡ್ಡಿನದು. ಅದನ್ನು ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಇದನ್ನು ಅರಿಯದೆ ವಾಡಿಕೆಯಂತೆ ಎಡಕ್ಕೆ ತಿರುಗಿಸಿದಷ್ಟೂ ಅದು ಬಿಗಿಯಾಗುತ್ತ ಹೋಗುವುದು. ಗಾಲಿಚಕ್ರದ ನಟ್ಟು 8 ಮಿಲಿಮೀಟರ್ ದಪ್ಪದ್ದಾದರೂ ಅನೇಕ ಯಂತ್ರಗಳಲ್ಲಿ ಸಣ್ಣ ಥ್ರೆಡ್ಡಿನದಾಗಿರುತ್ತದೆ. ಅಲ್ಲಿಗೆ ಅಂಗಡಿಯ ಸಾಮಾನ್ಯ ಎಂ 8 ನಟ್ಟು ಹೊಂದದು.

ಬಿಗಿಮಾಡುವ ಕ್ರಮ:—

ಕೆಲಸಕ್ಕೆ ಮೊದಲು ಯಂತ್ರವು ತಣ್ಣಗಾಗಿರಬೇಕು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಬಿಡಿಸಿರಬೇಕು. ಯಾವ ಬೋಲ್ಟನ್ನೇ ಆಗಲಿ ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸತಕ್ಕದ್ದು. ಶುಚಿಯಾದ ರಂಧ್ರದಲ್ಲಿ ಮೊದಲೇ ಥ್ರೆಡ್ಡು ಕೊರೆದಿದ್ದು, ಬೋಲ್ಟು ಬೆರಳಿಗೆ ಬಗ್ಗದಿದ್ದರೆ ಅದು ತಪ್ಪು ಬೋಲ್ಟೆಂದೋ ಓರೆಯಾಗಿ ಕೂತಿದೆಯೆಂದೋ ತಿಳಿಯಬೇಕು. ಸ್ಪ್ಯಾನರಿನ ಬಲದಿಂದ ಅದನ್ನು ಗೆಲ್ಲಲು ಹೋಗಬಾರದು.

ಥ್ರೆಡ್ಡಿಗೆ ಹಚ್ಚುವ ಮಧ್ಯಮ ಬಲದ ಅಂಟು ದ್ರವವು ನಡುಕಕ್ಕೆ ಸಡಿಲವಾಗುವ ಲೋಹದ ಬೋಲ್ಟುಗಳಿಗೆ ಉಪಯುಕ್ತ. ಆದರೆ ಸೈಲೆನ್ಸರಿನ ಕಾವಿಗೆ ಸಾಮಾನ್ಯ ಅಂಟು ತಡೆಯದು. ಕೆಲವು ಪ್ಲಾಸ್ಟಿಕ್ಕುಗಳನ್ನು ಅದು ಬಿರಿಯಿಸುವುದೂ ಉಂಟು.

ಥ್ರೆಡ್ಡು ಕಿತ್ತುಹೋಗಿದ್ದರೆ:—

ಇನ್ನೂ ದಪ್ಪನಾದ ಬೋಲ್ಟನ್ನು ಹೊಡೆದು ಕೂರಿಸುವುದು ಪರಿಹಾರವಲ್ಲ. ರಂಧ್ರವನ್ನು ಹಿಗ್ಗಿಸಿ, ವಿಶೇಷ ಟ್ಯಾಪಿನಿಂದ ಥ್ರೆಡ್ಡು ಕೊರೆದು, ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಿದರೆ ಮೊದಲಿನ ಅಳತೆಯ ಬೋಲ್ಟೇ ಮತ್ತೆ ಹೊಂದುವುದು. ಹೆಲಿಕಾಯಿಲ್ ಎಂಬ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಮೆಗ್ನೀಷಿಯಂ ಪುಡಿಗೆ ಬೆಂಕಿ ಬೇಗ ತಗಲುವುದು. ನೀರು ಹಾಕಿದರೆ ಅದು ಮತ್ತಷ್ಟು ಉರಿಯುವುದು. ಆದುದರಿಂದ ಕೊರೆಯುವ ಸ್ಥಳದಲ್ಲಿ ಒಣಮರಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಈ ಕೆಲಸವನ್ನು ಅನುಭವವುಳ್ಳ ದುರಸ್ತಿಗಾರನಿಗೆ ಒಪ್ಪಿಸುವುದು ಕ್ಷೇಮ.

ಕೊಳ್ಳುವಾಗ:—

ಯಂತ್ರದ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಬರೆದುಕೊಂಡು ಹೋಗಿ, ತಯಾರಕರ ಸಚಿತ್ರ ಬಿಡಿಭಾಗಗಳ ಪಟ್ಟಿಯಲ್ಲಿ ಆಯಾ ಬೋಲ್ಟಿನ ಸಂಖ್ಯೆಯನ್ನು ನೋಡಿ ಕೊಳ್ಳುವುದು ಅತ್ಯುತ್ತಮ ಮಾರ್ಗ. ಅದು ಸಾಧ್ಯವಾಗದಿದ್ದರೆ, ಅದೇ ಯಂತ್ರದಲ್ಲಿ ಕಳೆದುಹೋದ ಮೊಳೆಗೆ ಜೋಡಿಯಾಗಿರುವ ಮತ್ತೊಂದನ್ನು ಬಿಚ್ಚಿ ಮಾದರಿಗಾಗಿ ಒಯ್ಯತಕ್ಕದ್ದು. ಮಾದರಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದು, ಥ್ರೆಡ್ಡುಗಳು ಒಂದರೊಳಗೊಂದು ಸಂದಿಲ್ಲದೆ ಕೂರುವುವೇ ಎಂದು ನೋಡಿ, ಅನಂತರ ಕ್ಯಾಲಿಪರಿನಿಂದ ದಪ್ಪವನ್ನು ಪರೀಕ್ಷಿಸಬೇಕು.

ಪಟ್ಟಿಯ ನಟ್ಟುಗಳು, ಸೈಲೆನ್ಸರಿನ ಬೋಲ್ಟುಗಳು, ತಡೆಗೂಟದ ಮೊಳೆ ಇವುಗಳ ಒಂದೊಂದು ಜೊತೆಯನ್ನು ಮಳೆಗಾಲಕ್ಕೆ ಮುಂಚೆಯೇ ಕೊಂಡು, ಹೆಸರು ಬರೆದ ಸಣ್ಣ ಡಬ್ಬಿಯಲ್ಲಿ ಗರಗಸದೊಡನೆ ಇಟ್ಟುಕೊಳ್ಳುವುದು ಲೇಸು. ರಾತ್ರಿಯ ಗಾಳಿಗೆ ದಾರಿಗಡ್ಡವಾಗಿ ಮರ ಬಿದ್ದ ದಿನ ಪೇಟೆಯ ಅಂಗಡಿಗೆ ಹೋಗುವುದಕ್ಕೂ ದಾರಿ ಇರಲಾರದು. ಆ ಹೊತ್ತಿಗೆ ಡಬ್ಬಿಯಲ್ಲಿರುವ ಸರಿಯಾದ ಒಂದು ಮೊಳೆಯೇ ಯಂತ್ರವನ್ನೂ ಅದನ್ನು ಹಿಡಿಯುವ ಕೈಯನ್ನೂ ಕಾಪಾಡುವುದು.