ಮಂಗಳೂರಿನ ಕಡಲವರೆಗೆ ನೆಲವನ್ನಳೆದ ಲ್ಯಾಂಬ್ಟನ್

ದಕ್ಷಿಣ ಕನ್ನಡದ ವರ್ಗದಾರರಲ್ಲಿ ಎಲ್ಲೆಯ ವ್ಯಾಜ್ಯವೆಂದರೇನೆಂದು ಅರಿಯದವರು ವಿರಳ. ವರ್ಗ ಜಮೀನಿನ ಅಂಚಿನಿಂದ 100 ಗಜದ ಕುಮ್ಕಿಯು ಎಲ್ಲಿಗೆ ಮುಗಿಯುವುದು, ತೋಡಿನ ಆಚೆಯ ಐದು ಸೆಂಟ್ಸ್ ನೆಲವು ಯಾರಿಗೆ ಸೇರಿದ್ದು, ಎಂಬಂತಹ ಪ್ರಶ್ನೆಗಳಿಗಾಗಿ ಎರಡು ತಲೆಮಾರು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದ ಮನೆತನಗಳುಂಟು. ಇಂತಹ ವ್ಯಾಜ್ಯವು ತೀರಬೇಕಾದರೆ ಅಳತೆಯು ಸರಿಯಾಗಿದ್ದರೆ ಮಾತ್ರ ಸಾಲದು. ಅದು ಸರಿಯೆಂಬುದನ್ನು ಮತ್ತೊಬ್ಬನು ಸ್ವತಂತ್ರವಾಗಿ ಪರೀಕ್ಷಿಸಿ ನೋಡುವಂತಿರಬೇಕು. ಈ ತತ್ತ್ವವನ್ನು ಹಿಂದೂಸ್ಥಾನದ ನೆಲದ ಮೇಲೆ ದೊಡ್ಡ ಪ್ರಮಾಣದಲ್ಲಿ ಆಚರಿಸಿ ತೋರಿಸಿದವರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬಾತನು ಅಗ್ರಗಣ್ಯನು. ಅವನ ಮೊದಲನೆಯ ಮಹಾಕಾರ್ಯವು ಮದರಾಸಿನಲ್ಲಿ ಆರಂಭವಾಗಿ ಮಂಗಳೂರಿನ ಕಡಲತೀರವನ್ನು ಮುಟ್ಟಿತು.

ಲ್ಯಾಂಬ್ಟನ್ನನು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸಾಮಾನ್ಯ ಕುಟುಂಬದಲ್ಲಿ ಜನಿಸಿ, ಸೈನ್ಯವನ್ನು ಸೇರಿ, ಅಮೆರಿಕದಲ್ಲಿ ಅನೇಕ ವರ್ಷ ಸೇವೆ ಮಾಡಿದನು. ಆ ಕಾಲದ ಬಿಡುವಿನಲ್ಲಿ ಗಣಿತವನ್ನೂ ಖಗೋಳಶಾಸ್ತ್ರವನ್ನೂ ಅಭ್ಯಾಸ ಮಾಡಿದನು. 1799ನೆಯ ಇಸವಿಯ ಶ್ರೀರಂಗಪಟ್ಟಣದ ಯುದ್ಧದಲ್ಲಿ ಒಂದು ರಾತ್ರಿ ದಂಡು ದಿಕ್ಕು ತಪ್ಪಿ ಶತ್ರುವಿನ ನೆಲೆಯ ಕಡೆಗೇ ಸಾಗುತ್ತಿರುವುದನ್ನು ನಕ್ಷತ್ರಗಳಿಂದ ತಿಳಿದು ಎಚ್ಚರಿಸಿದವನು ಈತನೇ. ಆ ವರ್ಷ ಕೆನರಾ ಸೀಮೆಯು ಕಂಪೆನಿಯ ಸ್ವಾಧೀನವಾಯಿತು. ಆ ಬಳಿಕ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ದೇಶವನ್ನು ಗಣಿತಶಾಸ್ತ್ರಾನುಸಾರವಾಗಿ ಅಳೆಯಬೇಕೆಂದು ಲ್ಯಾಂಬ್ಟನ್ನನು ಸರ್ಕಾರಕ್ಕೆ ಬಿನ್ನವಿಸಿಕೊಂಡನು.

ಇದಕ್ಕೆ ವಿರೋಧವಿಲ್ಲದಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕೆನ್ನುವವನು ಪಲ್ಲಕ್ಕಿಯ ಬೋವಿಗಳ ಮುಖ್ಯಸ್ಥನಿಗೆ ಹೇಳಿದರಾಯಿತು, ಅವನು ಲ್ಯಾಂಬ್ಟನ್ನನ ನಕ್ಷೆಯ ಹಂಗಿಲ್ಲದೆಯೇ ದಾರಿಯನ್ನು ಕಂಡುಕೊಳ್ಳುವನೆಂದು ಮದರಾಸಿನ ಹಣಕಾಸಿನ ಅಧಿಕಾರಿಯೊಬ್ಬನು ಹಾಸ್ಯ ಮಾಡಿದನಂತೆ. ದಾರಿಯನ್ನು ತಿಳಿಯುವುದಕ್ಕೂ ದೂರವನ್ನು ತಿಳಿಯುವುದಕ್ಕೂ ಇರುವ ಭೇದವನ್ನು ಆತನು ಗಣಿಸಲಿಲ್ಲ.

ಲ್ಯಾಂಬ್ಟನ್ನನ ಕ್ರಮವು ಹೀಗಿದ್ದಿತು. ತ್ರಿಕೋಣವೊಂದರ ಒಂದು ಭುಜದ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ, ಮಿಕ್ಕ ಎರಡು ಭುಜಗಳನ್ನು ಅಳೆಯದೆಯೇ ಲೆಕ್ಕದಿಂದ ತಿಳಿಯಬಹುದು. ಹಾಗೆ ತಿಳಿದ ಭುಜದ ಮೇಲೆ ಮತ್ತೊಂದು ತ್ರಿಕೋಣ, ಅದರ ಮೇಲೆ ಇನ್ನೊಂದು, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸುತ್ತ ನೂರಾರು ಮೈಲಿ ಸಾಗಬಹುದು. ಓರೆಕೋರೆಯಾದ ಗದ್ದೆಯನ್ನು ತ್ರಿಕೋಣಗಳಾಗಿ ವಿಭಾಗಿಸಿ ವಿಸ್ತೀರ್ಣವನ್ನು ಲೆಕ್ಕ ಮಾಡುವ ಮೋಜಣಿಯ ಪದ್ಧತಿಗೂ ತ್ರಿಕೋಣವೇ ಆಧಾರ. ಆದರೆ ಮೊದಲನೆಯ ಭುಜದಲ್ಲಿ ತಪ್ಪಾದರೆ ಆ ತಪ್ಪು ಕೊನೆಯವರೆಗೂ ಹಿಂಬಾಲಿಸುವುದು. ಆದಕಾರಣ 1802ನೆಯ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆರಂಭಿಸಿದ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು ಆರು ವಾರಗಳು ಹಿಡಿದವು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ, ಉಷ್ಣಮಾಪಕಗಳನ್ನಿರಿಸಿ ಆ ಹಿಗ್ಗನ್ನು ಲೆಕ್ಕದಿಂದ ಕಳೆಯಲಾಯಿತು. ಕೋನಗಳನ್ನು ನೋಡಲು ಇಂಗ್ಲೆಂಡಿನಿಂದ ತರಿಸಿದ ಥಿಯೊಡೊಲೈಟ್ ಯಂತ್ರವು ಸುಮಾರು ಅರ್ಧ ಟನ್ ತೂಕದ್ದು. ಅದು ಸಮುದ್ರದ ಮೇಲೆ ಫ್ರೆಂಚರ ಕೈವಶವಾಗಿ ಮಾರಿಷಸ್ ದ್ವೀಪವನ್ನು ಸೇರಿದರೂ, ಅಲ್ಲಿಯ ಗವರ್ನರನು ಅದನ್ನು ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟನು.

ತನ್ನ ಲೆಕ್ಕವನ್ನು ತಾನೇ ನಂಬಿ ಕುಳಿತುಕೊಳ್ಳದೆ ಇರುವುದೇ ಲ್ಯಾಂಬ್ಟನ್ನನ ಹಿರಿಮೆ. ತ್ರಿಕೋಣಗಳ ಸಾಲು ಬೆಂಗಳೂರನ್ನು ಮುಟ್ಟಿದಾಗ, 1804ರಲ್ಲಿ ಅಲ್ಲಿ ಮತ್ತೊಂದು ಆಧಾರರೇಖೆಯನ್ನು ನೆಲದ ಮೇಲೆಯೇ ಅಳೆಯಿಸಿ, ಮದರಾಸಿನಿಂದ ಬಂದ ಲೆಕ್ಕದೊಡನೆ ಹೋಲಿಸಲಾಯಿತು. ವ್ಯತ್ಯಾಸವು ನಾಲ್ಕು ಅಂಗುಲಕ್ಕೂ ಕಡಮೆಯಾಗಿದ್ದಿತು. ಅಲ್ಲಿಂದ ಸಾಲು ಘಟ್ಟವನ್ನು ದಾಟಿ ಮಂಗಳೂರಿಗೆ ಇಳಿಯಿತು. ಆಗ ತಿಳಿದುಬಂದುದೇನೆಂದರೆ, ಮದರಾಸಿನಿಂದ ಮಂಗಳೂರಿಗೆ ನೇರವಾದ ದೂರವು ಅಂದಿನ ಒಳ್ಳೆಯ ನಕ್ಷೆಗಳಲ್ಲಿ ತೋರಿಸಿದ್ದಂತೆ 400 ಮೈಲಿಯಲ್ಲ, ಸುಮಾರು 360 ಮೈಲಿ ಮಾತ್ರ. ನಲವತ್ತು ಮೈಲಿಯ ನೆಲವು ಕಾಗದದ ಮೇಲಲ್ಲದೆ ಬೇರೆಲ್ಲಿಯೂ ಇರಲಿಲ್ಲ!

ತನ್ನ ಅಳತೆಗಳನ್ನೂ ಲೆಕ್ಕಗಳನ್ನೂ ಆತನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟಗಳಲ್ಲಿ ಮುದ್ರಿಸಿ ಪ್ರಕಟಿಸಿದನು. ಹಾಗೆ ಬಹಿರಂಗವಾಗಿದ್ದುದರಿಂದಲೇ ಇತರ ವಿದ್ವಾಂಸರು ಅವನ್ನು ಪರೀಕ್ಷಿಸಲು ಸಾಧ್ಯವಾಯಿತು. 1818ರಲ್ಲಿ ಈ ಕಾರ್ಯಕ್ಕೆ ಮಹಾ ತ್ರಿಕೋಣಮಿತೀಯ ಮೋಜಣಿಯೆಂಬ ಹೆಸರಾಯಿತು. 1823ನೆಯ ಜನವರಿ 20ರಂದು ವಾರ್ಧಾ ಪ್ರಾಂತ್ಯದ ಹಿಂಗಣಘಾಟ್‌ನಲ್ಲಿ, ಕೆಲಸದ ನಡುವೆಯೇ, ಲ್ಯಾಂಬ್ಟನ್ನನು ತೀರಿಕೊಂಡನು. ಅವನ ಅನಂತರ ಬಂದವರು ಅವನ ಅಳತೆಯಲ್ಲಿಯೂ ದೋಷಗಳನ್ನು ಕಂಡು ತಿದ್ದಿದರು; 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನೇ ಹೊಸದಾಗಿ ಅಳೆದರು. ಇದು ಅವನಿಗೆ ಕುಂದಲ್ಲ. ಲೆಕ್ಕವನ್ನು ಮುಚ್ಚಿಟ್ಟವನ ತಪ್ಪು ತಪ್ಪಾಗಿಯೇ ಉಳಿಯುವುದು.

ಈಗ ನಕ್ಷೆಗಳನ್ನು ರಚಿಸುವುದು ಗಣಕಯಂತ್ರಗಳು. ಯಂತ್ರವು ಯಾವ ಸೂತ್ರದಿಂದ ಲೆಕ್ಕ ಮಾಡುವುದೆಂಬುದು ಗುಟ್ಟಾಗಿದ್ದರೆ ಅದನ್ನು ಪರೀಕ್ಷಿಸುವವರಾರು? ಆದ್ದರಿಂದ, ಸೂತ್ರಗಳೆಲ್ಲವನ್ನೂ ಯಾರು ಬೇಕಾದರೂ ಓದಿ, ತಿದ್ದಿ, ಧರ್ಮಾರ್ಥವಾಗಿ ಉಪಯೋಗಿಸಬಹುದಾದ ಮುಕ್ತ ತಂತ್ರಾಂಶಗಳು ಹುಟ್ಟಿಕೊಂಡವು. ಅಮೆರಿಕದ ಸರ್ಕಾರಿ ಭೂಮಿಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ನೌಕರನಾಗಿದ್ದ ಸಾಲ್ ಕ್ಯಾಟ್ಸ್ ಎಂಬಾತನು ತಾನು ಬರೆದ ನಕ್ಷಾ ತಂತ್ರಾಂಶಗಳನ್ನು ಹೀಗೆ ಎಲ್ಲರಿಗೂ ಒಪ್ಪಿಸಿ, ಕೇಳಿದವರಿಗೆಲ್ಲ ದಾರಿ ತೋರಿಸಿ, 1999ರಲ್ಲಿ ಮೃತನಾದನು. ಈ ಮಾರ್ಗದಲ್ಲಿ ದುಡಿದವರಿಗೆ 2005ರಿಂದ ಅವನ ಹೆಸರಿನ ಪ್ರಶಸ್ತಿಯನ್ನು ಕೊಡಲಾಗುತ್ತಿದೆ. 2002ರಲ್ಲಿ ಗ್ಯಾರಿ ಶರ್ಮನ್ ಆರಂಭಿಸಿದ ಕ್ಯೂಜಿಐಎಸ್ ಇದೇ ಬಗೆಯದು. ಭಾರತ ಸರ್ಕಾರವೂ 2021ನೆಯ ಫೆಬ್ರವರಿ 15ರಂದು ನಕ್ಷೆಗಳ ಮೇಲಿದ್ದ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ಇದರಿಂದ ಗ್ರಾಹ್ಯವಾದ ಅಂಶವೊಂದಿದೆ. ಕರ್ನಾಟಕ ಸರ್ಕಾರದ ದಿಶಾಂಕ್ ಎಂಬ ಸಾಧನವು ನಿಂತ ಜಾಗದ ಸರ್ವೆ ನಂಬರನ್ನು ಕೈಫೋನಿನಲ್ಲಿಯೇ ತೋರಿಸುವುದು. ಆದರೆ ಕೈಫೋನು ಸ್ಥಾನವನ್ನು ಹೇಳುವಾಗ ಕೆಲವು ಮೀಟರುಗಳಷ್ಟು ತಪ್ಪುವುದುಂಟು. 100 ಮೀಟರ್ ಉದ್ದದ ಎಲ್ಲೆಯುದ್ದಕ್ಕೂ 5 ಮೀಟರ್ ತಪ್ಪಿದರೆ 500 ಚದರ ಮೀಟರ್, ಎಂದರೆ ಸುಮಾರು 12 ಸೆಂಟ್ಸ್ ನೆಲವು ಒಬ್ಬನ ಕಡೆಯಿಂದ ಇನ್ನೊಬ್ಬನ ಕಡೆಗೆ ಸರಿದಂತಾಗುವುದು. ಆದ್ದರಿಂದ ಅದನ್ನು ತಿಳಿವಳಿಕೆಗೆ ಬಳಸಬೇಕೇ ಹೊರತು ಬೇಲಿ ಹಾಕುವುದಕ್ಕಲ್ಲ. ಎಲ್ಲೆಯಲ್ಲಿ ಸಂದೇಹವಿದ್ದವರು ಹದ್ದುಬಸ್ತಿಗೆ ಅರ್ಜಿ ಕೊಟ್ಟು, ನೆರೆಯ ಹಿಡುವಳಿದಾರರ ಸಮಕ್ಷಮದಲ್ಲಿ ಅಳತೆಯನ್ನು ಮಾಡಿಸಿಕೊಂಡು, ನಕ್ಷೆಯ ನಕಲನ್ನು ಪಡೆದಿರಿಸಿಕೊಳ್ಳುವುದು ಉತ್ತಮ. ಅಳೆಯುವಾಗ ಉಭಯ ಪಕ್ಷದವರೂ ಸರಪಳಿಯ ಬಳಿಯಲ್ಲಿ ನಿಂತು ನೋಡುವಂತೆ ಏರ್ಪಡಿಸುವುದೂ, ನೆಟ್ಟ ಸರ್ವೆ ಕಲ್ಲುಗಳು ಕದಲದಂತೆ ಕಾಯುವುದೂ ಗ್ರಾಮದ ಹಿರಿಯರಿಂದ ಆಗತಕ್ಕ ಕೆಲಸ.