ಮುದ್ರೆಯಿಲ್ಲದ ಬೋಗುಣಿಯನ್ನು ಒಡೆಯಬಹುದಾಗಿತ್ತು

ಕ್ರಿ.ಶ. 1694ರಲ್ಲಿ ಮುಂಬಯಿಯ ಕಂಪನಿ ಸರಕಾರವು ತನ್ನ ಆಜ್ಞಾಪುಸ್ತಕದಲ್ಲಿ ಬರೆಯಿಸಿದ್ದ ಒಂದು ಕಟ್ಟಳೆಯು, ಯೂಲ್ ಮತ್ತು ಬರ್ನೆಲ್ ಪಂಡಿತರ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಬೇರೇನನ್ನೋ ಅರಸುತ್ತಿದ್ದ ನನ್ನ ಕಣ್ಣಿಗೆ ಅಕಸ್ಮಾತ್ತಾಗಿ ಬಿದ್ದಂದಿನಿಂದ, ಕಡಲತಡಿಯ ಪಾನಗೃಹಗಳನ್ನು ನಾನು ನೋಡುವ ಬಗೆಯೇ ಬದಲಾಯಿತು. ಕಟ್ಟಳೆಯ ತಾತ್ಪರ್ಯವಿಷ್ಟು: ಪಂಚ್ ಎಂಬ ಮಿಶ್ರಪಾನವನ್ನು ಬಯಸಿ ಭೋಜನಶಾಲೆಗೆ ಬಂದ ಯಾವನೇ ಆಗಲಿ, ಒಂದು ಕ್ವಾರ್ಟಿನಷ್ಟು, ಎಂದರೆ ಈಗಿನ ಲೀಟರಿಗೆ ಸಮೀಪದಷ್ಟು, ಉತ್ತಮವಾದ ಗೋವೆಯ ಅರಕನ್ನೂ, ಅರ್ಧ ಪೌಂಡು ಸಕ್ಕರೆಯನ್ನೂ, ಅರ್ಧ ಪೈಂಟು ನಿಂಬೆಯ ರಸವನ್ನೂ ಹಕ್ಕಿನಿಂದ ಕೇಳಿ ಪಡೆದು ತನ್ನ ಪಾನವನ್ನು ತಾನೇ ಬೆರೆಸಿಕೊಳ್ಳಬಹುದು, ಮುಂದಿಟ್ಟ ಬೋಗುಣಿಯ ಮೇಲೆ ಪೇಟೆಯ ಅಧಿಕಾರಿಯ ಮುದ್ರೆ ಇಲ್ಲದಿದ್ದರೆ ಅದನ್ನು ಅಲ್ಲಿಯೇ ಒಡೆದುಹಾಕಿ, ಬೋಗುಣಿಗಾಗಲಿ ಪಾನಕ್ಕಾಗಲಿ ಬಿಡಿಗಾಸನ್ನೂ ಕೊಡದೆ ಎದ್ದುಹೋಗಬಹುದು.

ವ್ಯಾಪಾರದ ಲೋಭಕ್ಕೆ ಹೆಸರಾದ ಆ ಕಂಪನಿಯು ಕುಡಿಯುವವನ ಪಕ್ಷವನ್ನು ಇಷ್ಟು ನಿಷ್ಠುರವಾಗಿ ವಹಿಸಿದುದು ನನಗೆ ಆಶ್ಚರ್ಯವನ್ನು ತಂದಿತು. ಅದಕ್ಕಿಂತಲೂ ಮಿಗಿಲಾದ ಆಶ್ಚರ್ಯವನ್ನು ತಂದುದು, ಮದ್ಯದ ಪ್ರಮಾಣವನ್ನು ಹೇಳಿದಂತೆಯೇ ಅದರ ಊರನ್ನೂ ಹೇಳಿರುವುದು. ಯೂರೋಪಿನ ಬ್ರಾಂದಿಯಲ್ಲ, ಸಕ್ಕರೆಯ ದ್ವೀಪಗಳ ರಮ್ಮಲ್ಲ. ತೆಂಗಿನ ಕಳ್ಳಿನಿಂದ ಇಳಿಸಿದ ಗೋವೆಯ ಅರಕೇ ಆಗಬೇಕು, ಅದೂ ಉತ್ತಮವಾದುದಾಗಬೇಕು.

ಆ ಅರಕಿನ ಜನ್ಮಸ್ಥಾನವನ್ನು ತಿಳಿಸಿದವನು ಜಾನ್ ಫ್ರೈಯರ್ ಎಂಬ ಕಂಪನಿಯ ಶಸ್ತ್ರವೈದ್ಯ. ಇವನು 1676ರ ಸುಮಾರಿಗೆ ಗೋವೆಯಿಂದ ಕಾರವಾರದ ಮಾರ್ಗವಾಗಿ ನಮ್ಮ ಗೋಕರ್ಣದವರೆಗೂ ಬಂದು, ಅಲ್ಲಿಯ ಜಾತ್ರೆಯನ್ನು ಕಣ್ಣಾರೆ ಕಂಡು ಬರೆದವನು. ಗೋವೆಯ ನೇರೂಲಿನಲ್ಲಿ ಅತ್ಯುತ್ತಮವಾದ ಅರಕು ಸಿದ್ಧವಾಗುವುದೆಂದೂ, ಈ ಕರಾವಳಿಯ ಆಂಗ್ಲರು ಅದರಿಂದಲೇ ಐದು ದ್ರವ್ಯಗಳ ಪಂಚನ್ನು ಕೂಡಿಸಿಕೊಳ್ಳುವರೆಂದೂ, ಆ ಪಾನವು ದೇಹದ ಸತ್ತ್ವವನ್ನು ಹೀರುವಂಥದೆಂದೂ ಅವನ ಅಭಿಪ್ರಾಯ. ಅವನಿಗಿಂತ ಮೊದಲೇ, 1632ರಲ್ಲಿ, ಪೂರ್ವ ಕರಾವಳಿಯ ಪೆಟಪೊಲಿಯಲ್ಲಿದ್ದ ವರ್ತಕನಿಗೆ ಬರೆದ ಕಾಗದವೊಂದರಲ್ಲಿ ಈ ಪಾನದ ಹೆಸರು ಬಂದಿದೆ. 1638ರಲ್ಲಿ ಸೂರತ್ತಿಗೆ ಬಂದ ಮಾಂಡೆಲ್ಸ್ಲೋ ಎಂಬ ಪ್ರವಾಸಿಯು, ಅಲ್ಲಿಯ ಆಂಗ್ಲರು ಮದ್ಯಕ್ಕೆ ಪನ್ನೀರು, ನಿಂಬೆಯ ರಸ ಮತ್ತು ಸಕ್ಕರೆಯನ್ನು ಸೇರಿಸಿ ಕುಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಹುಳಿಯೂ ಸಿಹಿಯೂ ಸುಗಂಧವೂ ನೀರೂ ಸೇರಿ ತೀಕ್ಷ್ಣವಾದ ಮದ್ಯವನ್ನು ಸೌಮ್ಯಗೊಳಿಸುವ ಈ ಯುಕ್ತಿಯು ಹಿಂದೂಸ್ಥಾನದ ನೆಲದಲ್ಲಿ, ಇಲ್ಲಿಯ ನಿಂಬೆ ಸಕ್ಕರೆಗಳ ನಡುವೆ ರೂಪುಗೊಂಡಿತು. ಈಗಿನ ಕಾಕ್‌ಟೇಲುಗಳ ವಂಶವೃಕ್ಷದ ಬೇರಿನಲ್ಲಿರುವುದು ಇದೇ ಬೋಗುಣಿ.

ನಾನು ಭೀಮಾತೀರದ ಸೀಮೆಯವನು, ಅಫಜಲಪುರ ತಾಲ್ಲೂಕಿನ ಅತನೂರಿನವನು. ತೊಗರಿ ಜೋಳಗಳ ಆ ಕರಿಮಣ್ಣಿನಲ್ಲಿ ಹಿರಿಯರು ಕಂಡುದು ತೆಂಗಲ್ಲ, ಸಿಂದಿಗಿಡ. ನಿಜಾಮನ ಕಾಲದ ಮಾತು ಬಂದಾಗಲೆಲ್ಲ ಸಿಂದಿಯೂ ಅಬಕಾರಿಯೂ ಜೊತೆಯಾಗಿಯೇ ಬರುತ್ತಿದ್ದವು. ದ್ರವಗಳನ್ನು ಬೆರೆಸುವ ವಿದ್ಯೆ ನಮ್ಮ ಭಾಗಕ್ಕೆ ಹೊಸತೆಂದು ಯಾರೂ ತಿಳಿಯಬಾರದು. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೀರನ್ನು ಸುಗಂಧಗೊಳಿಸುವ ಕ್ರಮವೂ, ಪಾನಕಗಳ ವಿವರವೂ, ರಾಜನ ಮದಿರಾಪಾನದ ವಿನೋದವೂ ಶಾಸ್ತ್ರೋಕ್ತವಾಗಿ ನಿರೂಪಿತವಾಗಿವೆ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಹೆಂಡವನ್ನು ಮಾರುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದ ಹೆಂಡದ ಮಾರಯ್ಯನು ಶರಣರ ಪಂಕ್ತಿಯಲ್ಲಿ ಸ್ಥಾನವನ್ನು ಪಡೆದು ವಚನಗಳನ್ನು ರಚಿಸಿದನು.

ಇಂಥ ಸೀಮೆಯಿಂದ ಬಂದವನು ಬಂಧುಮಿತ್ರರೊಡನೆ ಗೋವೆಯ ಕಡಲತೀರಕ್ಕೆ ಹೋಗಿ, ಸಾಯಂಕಾಲದ ಹೊತ್ತು ಒಂದು ಪಾನಗೃಹದಿಂದ ಇನ್ನೊಂದಕ್ಕೆ ನಡೆದು, ಪಿನಾ ಕೊಲಾಡಾ, ಮೈ ಟೈ, ಡೈಕಿರಿ, ಮೊಹಿಟೊಗಳನ್ನು ತುಲನೆ ಮಾಡಿ ನೋಡಿದಾಗ ತಿಳಿದುಬಂದುದನ್ನು ಮುಚ್ಚುಮರೆಯಿಲ್ಲದೆ ಹೇಳುವೆನು. ಹೆಸರುಗಳು ಬೇರೆಯಾದರೂ ಆಂತರ್ಯದಲ್ಲಿ ಅವೆಲ್ಲವೂ ಒಂದೇ ಬೋಗುಣಿಯ ಸಂತಾನ: ಮದ್ಯ, ಹುಳಿ, ಸಿಹಿ. ನಿಂಬೆಹಣ್ಣನ್ನು ಕಣ್ಣೆದುರಿಗೇ ಹಿಂಡಿಕೊಟ್ಟ ಚಿಕ್ಕ ಗುಡಿಸಲಿನ ಡೈಕಿರಿಯು ತನ್ನ ಸರಳತೆಯಿಂದಲೇ ನಾಲಗೆಯನ್ನು ಗೆದ್ದಿತು. ದೀಪಾಲಂಕಾರದ ದೊಡ್ಡ ಗೃಹಗಳಲ್ಲಿ ದೊರೆತ ಮೈ ಟೈ, ಸೀಸೆಯ ಹಣ್ಣಿನ ಷರಬತ್ತಿನಲ್ಲಿ ಮುಳುಗಿ, ಬಾದಾಮಿಯ ಪರಿಮಳವನ್ನೂ ರಮ್ಮಿನ ಗುಣವನ್ನೂ ಒಟ್ಟಿಗೆ ಕಳೆದುಕೊಂಡಿತ್ತು. ಆದರೆ ನನ್ನನ್ನು ನೋಯಿಸಿದುದು ಪಿನಾ ಕೊಲಾಡಾ. ಹೊರಗೆ ಅಂಗಳದ ತುಂಬ ತೆಂಗಿನ ಮರಗಳು. ಒಳಗೆ ಲೋಟದಲ್ಲಿ ದೂರದಿಂದ ಬಂದ ಡಬ್ಬಿಯ ತೆಂಗಿನ ಕೆನೆ! ಆ ಹಳೆಯ ಅರಕಿನ ವಂಶದ್ದೇ ಆದ ತೆಂಗಿನ ಫೆನಿಯನ್ನು ಹಾಕಿ ಇದನ್ನು ಮಾಡಿಕೊಡಲಾಗುವುದೇ ಎಂದು ವಿಚಾರಿಸಿದರೆ, ಅದು ಇಲ್ಲಿಲ್ಲ ಎಂಬ ಉತ್ತರವೇ ಹೆಚ್ಚಿನೆಡೆಗಳಲ್ಲಿ ಬಂದಿತು. ನೇರೂಲು ಅಲ್ಲಿಂದ ಬಹಳ ದೂರವೇನೂ ಅಲ್ಲ.

ಈ ಸ್ಥಿತಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗೋವೆಯ ಅರಕು ಹಡಗುಗಳಲ್ಲಿ ಲಂಡನ್ನನ್ನು ಸೇರಿ, ಅಲ್ಲಿ ಬಹುಕಾಲ ಮಾನ್ಯವಾಗಿತ್ತು. 1731ರಲ್ಲಿ ಜೇಮ್ಸ್ ಆಶ್ಲಿ ಎಂಬವನು ಲಡ್‌ಗೇಟ್ ಗುಡ್ಡದಲ್ಲಿ ತೆರೆದ ಪಂಚ್ ಗೃಹದಲ್ಲಿ ಅರಕಿನ ಪಂಚಿಗೆ ರಮ್ಮಿನ ಪಂಚಿಗಿಂತಲೂ ಹೆಚ್ಚಿನ ಬೆಲೆಯಿದ್ದಿತು. ಅನಂತರ ಬಟಾವಿಯಾದ ಅರಕೂ, ಗುಲಾಮರ ಬೆವರಿನಿಂದ ಅಗ್ಗವಾದ ವೆಸ್ಟ್ ಇಂಡೀಸಿನ ರಮ್ಮೂ ಮುಂದೆ ಬಂದವು. ಜಮೈಕಾದ ತೋಟಗಾರರ ಪಂಚನ್ನು ಮೂಲವಾಗಿಟ್ಟುಕೊಂಡು 1933ರಲ್ಲಿ ಹಾಲಿವುಡ್ಡಿನ ಡಾನ್ ದ ಬೀಚ್‌ಕೋಂಬರ್ ಎಂಬಾತನು ಅದಕ್ಕೆ ಪೆಸಿಫಿಕ್ ದ್ವೀಪಗಳ ವೇಷವನ್ನು ತೊಡಿಸಿದನು. 1944ರಲ್ಲಿ ಓಕ್‌ಲೆಂಡಿನ ಟ್ರೇಡರ್ ವಿಕ್ ತನ್ನ ಮೈ ಟೈಯನ್ನು ಬೆರೆಸಿದನು. ಇಬ್ಬರೂ ಅದರ ಜನಕತ್ವಕ್ಕಾಗಿ ಹಟ ಹಿಡಿದರು. 1954ರಲ್ಲಿ ಪೋರ್ಟೊರಿಕೊದ ಕರೀಬ್ ಹಿಲ್ಟನ್ ಹೋಟೆಲಿನ ರಾಮೋನ್ ಮರ್ರೇರೊ ಪಿನಾ ಕೊಲಾಡಾವನ್ನು ಸಿದ್ಧಪಡಿಸಿದನೆಂದು ಆ ಹೋಟೆಲಿನವರ ವಾದ. 1978ರಲ್ಲಿ ಅದು ಆ ನಾಡಿನ ಅಧಿಕೃತ ಪಾನವೆನಿಸಿತು. ಆ ದ್ವೀಪದ ತೆಂಗಾದರೂ ಎಲ್ಲಿಯದು? ಪೋರ್ಚುಗೀಸರು ಹಿಂದೂ ಮಹಾಸಾಗರದಿಂದ ಕೊಂಡೊಯ್ದ ತಳಿಯು ಕೇಪ್ ವರ್ಡಿನ ಮಾರ್ಗವಾಗಿ ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಮುಟ್ಟಿತು. ಅನಾನಸೂ ಗೋಡಂಬಿಯೂ ಅವರದೇ ಹಡಗುಗಳಲ್ಲಿ ಅಮೆರಿಕದಿಂದ ಈ ಕಡೆಗೆ ಬಂದವು. ಕೊಟ್ಟುತಂದುದು ಸಮವೇ, ಆದರೆ ಆ ದ್ವೀಪದವರು ನಮ್ಮ ತೆಂಗನ್ನು ಬೆಳೆಸಿ ಹೆಸರುಮಾಡಿದರು, ನಾವು ನಮ್ಮ ಅರಕನ್ನು ಮರೆತೆವು.

ಮರೆಯುವಂತೆ ಮಾಡಿದುದರಲ್ಲಿ ಕಾನೂನಿನ ಪಾಲು ದೊಡ್ಡದು. 1878ರ ಮುಂಬಯಿ ಅಬಕಾರಿ ಕಾಯಿದೆಯು ಮರಮರಕ್ಕೂ ತೆರಿಗೆಯನ್ನು ಬಿಗಿಗೊಳಿಸಿ, ಭಟ್ಟಿಗಳನ್ನು ಗುತ್ತಿಗೆದಾರರ ಕೈಗೆ ಒಪ್ಪಿಸಿ, ಹಳ್ಳಿಹಳ್ಳಿಯ ಭಟ್ಟಿಯವರನ್ನು ಕಳ್ಳರನ್ನಾಗಿ ಮಾಡಿತು. ಮರವನ್ನೇರಿ, ಹೊಂಬಾಳೆಯನ್ನು ಕಟ್ಟಿ, ಕೊಯ್ದು, ಬೆಳಿಗ್ಗೆ ಸಾಯಂಕಾಲ ರಸವನ್ನಿಳಿಸುವ ಕೆಲಸವನ್ನು ಒಂದು ದಿನ ತಪ್ಪಿಸಿದರೂ ಹೊಂಬಾಳೆ ಕೆಡುವುದು. ಇಳಿಸಿದ ರಸವು ತಾಸುಗಳಲ್ಲಿಯೇ ಹುಳಿಯಾಗುವುದು. ಇಷ್ಟು ಶ್ರಮದ ವಿದ್ಯೆಯು ತೆರಿಗೆಯ ಭಾರವನ್ನು ಹೊತ್ತು ಎಷ್ಟು ಕಾಲ ನಿಂತೀತು? ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆದಾರರು ಇಂದಿಗೂ ಮರವನ್ನೇರುತ್ತಾರೆ. ನಮ್ಮ ಕಲಬುರಗಿ ಸೀಮೆಯಲ್ಲಿ ಸಿಂದಿಗೆ ಪರವಾನಗಿಯಿಲ್ಲ.

2007ರ ಜುಲೈ ಒಂದರಂದು ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಿದುದನ್ನು ನಾನು ಆಕ್ಷೇಪಿಸುವವನಲ್ಲ. ಕೂಲಿಯ ಹಣವೆಲ್ಲ ಸಾರಾಯಿ ಅಂಗಡಿಗೆ ಹೋಗಿ ಒಲೆ ಹೊತ್ತದೆ ಉಳಿದ ಮನೆಗಳನ್ನು ನಮ್ಮ ಕಡೆಯವರು ಬಲ್ಲರು. ಆ ತಾಯಂದಿರ ಕೂಗು ನ್ಯಾಯವಾದುದು. ನನ್ನ ದುಃಖವು ಬೇರೆ. ಅಳತೆಯೂ ಮೂಲವೂ ತಿಳಿಯದ ಬಣ್ಣದ ದ್ರವವು ಪರದೇಶದ ಹೆಸರಿನಲ್ಲಿ ನಿರಾತಂಕವಾಗಿ ಮಾರಾಟವಾಗುತ್ತಿರುವಾಗ, ಮೂರು ಶತಮಾನಗಳ ಹಿಂದೆ ಸರಕಾರವೇ ಹೆಸರು ಹಿಡಿದು ಕೇಳಿದ್ದ ತೆಂಗಿನ ಅರಕಿಗೆ ಅದರ ತವರಿನಲ್ಲಿಯೇ ಮಣೆಯಿಲ್ಲದಿರುವುದು ನನಗೆ ಸಹಿಸಲಸಾಧ್ಯ. ಗೋವೆಯವರು 2009ರಲ್ಲಿ ಗೋಡಂಬಿಯ ಫೆನಿಗೆ ಭೌಗೋಳಿಕ ಸೂಚಿಯನ್ನು ಪಡೆದರು. ಅದು ಸ್ತುತ್ಯವಾದ ಕೆಲಸ. ಆದರೂ ಗೋಡಂಬಿಯು ಬ್ರಜಿಲಿನಿಂದ ಬಂದ ಅತಿಥಿ, ಹಿರಿತನವು ತೆಂಗಿನದು.

ರಜೆಯಲ್ಲಿ ಗೋವೆಗೆ ಹೋಗುವ ನಮ್ಮ ಭಾಗದ ತರುಣರಲ್ಲಿ ನನ್ನ ಬಿನ್ನಹವಿಷ್ಟೆ. ಕುಡಿಯದಿರುವವರು ಎಳನೀರನ್ನು ಕುಡಿದು ಸುಖವಾಗಿರಲಿ. ಕುಡಿಯುವವರು ಮಿತಿಯಲ್ಲಿರಲಿ, ಮತ್ತು ಮೆನುವಿನ ಪರದೇಶದ ಹೆಸರುಗಳಿಗೆ ಬೆರಳಿಡುವ ಮೊದಲು ತೆಂಗಿನ ಫೆನಿ ಇದೆಯೇ, ನಿಂಬೆ ತಾಜಾ ಆದುದೇ, ಅಳತೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಲಿ. ಕೇಳುವವರು ಹೆಚ್ಚಿದರೆ ಅಂಗಡಿಯವರು ತರಿಸಿಯೇ ತರಿಸುವರು.