ಒಣಸೀಮೆಯ ಅಕಶೇರುಕಗಳು

ಬೆನ್ನುಮೂಳೆ ಇಲ್ಲದ ಪ್ರಾಣಿಗಳೇ ಅಕಶೇರುಕಗಳು. ಇದುವರೆಗೆ ಹೆಸರಿಟ್ಟಿರುವ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇವೇ. ಕೀಟಗಳೇ ಸುಮಾರು 10 ಲಕ್ಷ ಬಗೆ. ಸ್ಪಂಜುಗಳು, ಚಪ್ಪಟೆ ಹುಳುಗಳು, ದುಂಡು ಹುಳುಗಳು, ಎರೆಹುಳು ಸೇರಿದ ವಲಯವಂತಗಳು, ಬಸವನಹುಳು ಸೇರಿದ ಮೃದ್ವಂಗಿಗಳು, ಕೀಟ-ಜೇಡ-ಏಡಿಗಳ ಸಂಧಿಪದಿಗಳು, ನಕ್ಷತ್ರಮೀನಿನಂಥ ಕಂಟಕಚರ್ಮಿಗಳು ಇವುಗಳಲ್ಲಿ ಮುಖ್ಯ ಗುಂಪುಗಳು. ಕಂಟಕಚರ್ಮಿಗಳು ಕಡಲು ಬಿಟ್ಟು ಬೇರೆಡೆ ಇಲ್ಲ. ಉಳಿದವುಗಳಲ್ಲಿ ಬಹುಪಾಲು, ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಆಂಧ್ರದ ಅನಂತಪುರ ಸೀಮೆಯಲ್ಲೂ ಇವೆ. ಕನ್ನಡ, ತೆಲುಗು ಎರಡೂ ಕೇಳಿಸುವ ಈ ಗಡಿಸೀಮೆಯಲ್ಲಿ ಹಿಂದೂಪುರ ರೇಷ್ಮೆಗೂಡಿಗೂ ಹುಣಸೆಗೂ ಹೆಸರಾದ ಪೇಟೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅನಂತಪುರ ಜಿಲ್ಲೆಯಲ್ಲೇ ಉಳಿದ ಕಲ್ಯಾಣದುರ್ಗದ ಕೆಂಪುಮಣ್ಣು ಮಳೆ ನಂಬಿದ ಕಡಲೆಕಾಯಿಯದು.

ಮಣ್ಣನ್ನು ಸಡಿಲಿಸುವ ಜೀವಿ ಎಂದೊಡನೆ ಎರೆಹುಳು ನೆನಪಾಗುತ್ತದೆ. ಆದರೆ ಅದಕ್ಕೆ ತೇವ ಬೇಕು. ನೀರಾವರಿಯ ಹಿಪ್ಪುನೇರಳೆ ತೋಟದಲ್ಲಿ ಅದು ಚೆನ್ನಾಗಿ ಬದುಕುತ್ತದೆ. ಒಣ ಹೊಲದಲ್ಲಿ ಆ ಕೆಲಸದ ದೊಡ್ಡ ಪಾಲು ಗೆದ್ದಲಿನದು. ಹುತ್ತ ಕಟ್ಟುವ ಗೆದ್ದಲು ಕೂಳೆ, ಕಡ್ಡಿ, ಒಣಗಿದ ಸಗಣಿಯನ್ನು ಒಳಗೊಯ್ದು, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಅದು ತೋಡಿದ ಸುರಂಗಗಳಲ್ಲಿ ಮಳೆನೀರು ಆಳಕ್ಕೆ ಇಳಿಯುತ್ತದೆ. ಮೊದಲ ಮಳೆ ಬಿದ್ದ ಮೇಲೆ ಹುತ್ತದಿಂದ ಏಳುವ ಈಸಲುಹುಳು ಹಕ್ಕಿ, ಓತಿ, ಕಪ್ಪೆಗಳಿಗೆ ಹಬ್ಬದೂಟ. ಕಡಲೆಕಾಯಿಯನ್ನು ಗೆದ್ದಲು ಕೊರೆಯುವುದುಂಟು, ನಿಜ. ಅಷ್ಟಕ್ಕೇ ಅದನ್ನು ಬರೀ ಶತ್ರು ಎಂದು ಬಗೆಯುವುದು ಸರಿಯಲ್ಲ.

ಕೆರೆಯಂಚಿನ ಬಸವನಹುಳು ಪಾಚಿ, ಕೊಳೆತ ಎಲೆ ತಿಂದು ನೀರಿನ ಕಸ ಕಡಿಮೆ ಮಾಡುತ್ತದೆ. ಅದರ ಕೆಲವು ಬಗೆಗಳ ಮೈಯಲ್ಲೇ ಯಕೃತ್ತಿನ ಚಪ್ಪಟೆ ಹುಳು ತನ್ನ ಮರಿಯವಸ್ಥೆ ಕಳೆಯುತ್ತದೆ. ಅಲ್ಲಿಂದ ಹೊರಬಿದ್ದು ನೀರಂಚಿನ ಹುಲ್ಲಿಗೆ ಅಂಟಿಕೊಂಡದ್ದನ್ನು ಕುರಿ ಮೇದರೆ ರೋಗ ಹತ್ತುತ್ತದೆ. ಕುರಿಮಂದೆಗಳ ಈ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಜೇಡಗಳಲ್ಲಿ ಅನಂತಪುರ ಜಿಲ್ಲೆಯ ಗುತ್ತಿ ಊರಿನ ಹೆಸರು ಹೊತ್ತ ನೀಲಿ ಜೇಡ ಜಗತ್ತಿಗೇ ಗೊತ್ತು. 1899ರಲ್ಲಿ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಅದನ್ನು ವಿವರಿಸಿದ. ಮಾದರಿ ಸಿಕ್ಕಿದ್ದು ಗುತ್ತಿಯ ರೈಲ್ವೆ ಮರಮುಟ್ಟಿನ ಅಂಗಳದಲ್ಲಿ. ಅದರ ನಿಜವಾದ ನೆಲೆ ನಂದ್ಯಾಲ, ಗಿದ್ದಲೂರು ನಡುವಿನ ಕಾಡು. ಇಂದು ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದ.

ಕೀಟಗಳಿಗೆ ಬಂದರೆ, ಹುಣಸೆ ಕಾಯಿ ಕಟ್ಟುವುದು ಜೇನ್ನೊಣಗಳಂಥ ಕೀಟಗಳು ಪರಾಗ ಸಾಗಿಸುವುದರಿಂದ. ರೇಷ್ಮೆ ಹುಳುವಿನ ಕತೆ ಬೇರೆ. ಸಾವಿರಾರು ವರ್ಷ ಮನೆಯಲ್ಲೇ ಸಾಕಿದ್ದರಿಂದ ಅದರ ಚಿಟ್ಟೆಗೆ ಹಾರುವ ಶಕ್ತಿಯೇ ಉಳಿದಿಲ್ಲ. ಹಿಪ್ಪುನೇರಳೆ ಸೊಪ್ಪು ತಿನ್ನುತ್ತ ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾಗಿ, ಚಂದ್ರಿಕೆ ಎಂಬ ಗೂಡುಕಟ್ಟುವ ತಟ್ಟೆ ಏರಿ ಗೂಡು ಕಟ್ಟುತ್ತದೆ. ಅದರ ತಳಿ, ಸಾಕಣೆಗಳ ಸಂಶೋಧನೆಗೆಂದೇ ಹಿಂದೂಪುರದ ಕಿರಿಕೆರದಲ್ಲಿ ಆಂಧ್ರದ ರಾಜ್ಯ ಸಂಸ್ಥೆಯೊಂದಿದೆ. ಈ ಸಾಕಣೆಗೆ ಶತ್ರುವಾಗಿ 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಊಜಿ ನೊಣ ಬಂತು. ಹುಳುವಿನ ಮೈಮೇಲೆ ಅದು ಮೊಟ್ಟೆ ಇಟ್ಟರೆ, ಮರಿ ಒಳಹೊಕ್ಕು ತಿಂದುಬಿಡುತ್ತದೆ. ಸಾಕಣೆ ಮನೆಗೆ ಬಲೆ ಕಟ್ಟುವುದು ಒಂದು ಉಪಾಯ. ಊಜಿಯ ಕೋಶದಲ್ಲೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜವನ್ನು ಬಿಡುವುದು ಇನ್ನೊಂದು.

ಕಡಲೆಕಾಯಿ ಹೊಲಕ್ಕೆ ಕಂಬಳಿಹುಳುವಿನ ಕಾಟ ಹಳೆಯದು. ಮಾಗಿ ಉಳುಮೆಯಲ್ಲಿ ಅದರ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ. 2000ದ ಮುಂಗಾರಿನಲ್ಲಿ ಬಂದದ್ದು ಅಷ್ಟು ಸುಲಭಕ್ಕೆ ತಿಳಿಯುವ ಕಾಟವಾಗಿರಲಿಲ್ಲ. ಅನಂತಪುರ ಜಿಲ್ಲೆಯ ಸುಮಾರು 2.25 ಲಕ್ಷ ಹೆಕ್ಟೇರಿನಲ್ಲಿ ಕಡಲೆಕಾಯಿ ಗಿಡಗಳ ಸುಳಿ, ಕಾಂಡ ಕಪ್ಪಾಗಿ ಸತ್ತವು. ನಷ್ಟ 300 ಕೋಟಿ ರೂಪಾಯಿ ಮೀರಿತು. ಕಾರಣ ತಂಬಾಕಿನ ಗೆರೆ ವೈರಸ್ ಎಂದು ಹೈದರಾಬಾದ್ ಬಳಿಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಗುರುತಿಸಿದರು. ವೈರಸ್ಸಿನ ಮನೆ ಬದುವಿನ ಪಾರ್ಥೇನಿಯಂ ಎಂಬ ಕಳೆ. ಆ ಗಿಡದಲ್ಲಿ ರೋಗಲಕ್ಷಣ ಕಾಣುವುದಿಲ್ಲ, ಆದರೆ ಪರಾಗದಲ್ಲಿ ವೈರಸ್ ಇರುತ್ತದೆ. ಒಂದೆರಡು ಮಿ.ಮೀ. ಉದ್ದದ ಥ್ರಿಪ್ಸ್ ನುಸಿ ಹೂವಿನಿಂದ ಪರಾಗ ಮೆತ್ತಿಕೊಂಡು ಬಂದು, ಕಡಲೆಕಾಯಿ ಎಲೆಯನ್ನು ಕೆರೆದು ರಸ ಹೀರುವಾಗ ಆ ಗಾಯದಿಂದ ವೈರಸ್ ಒಳಹೋಗುತ್ತದೆ. ಗಾಳಿ ತಂದು ಚೆಲ್ಲಿದ ಪರಾಗಕ್ಕೂ ಆ ಗಾಯವೇ ದಾರಿ. ಗಿಡ, ನುಸಿ, ವೈರಸ್ ಮೂರೂ ಒಂದೆಡೆ ಸೇರದಿದ್ದರೆ ಈ ರೋಗವಿಲ್ಲ. ಅದಕ್ಕೇ ಹೊಲದ ಸುತ್ತ ಒತ್ತಾಗಿ ಜೋಳ ಬಿತ್ತಿ ನುಸಿ, ಪರಾಗಗಳನ್ನು ತಡೆಯಲು, ಹೂ ಬಿಡುವ ಮುನ್ನ ಪಾರ್ಥೇನಿಯಂ ಕೀಳಲು ಸಲಹೆ ಬಂತು.

ಪಾರ್ಥೇನಿಯಮ್ಮಿಗೂ ಒಂದು ಕೀಟದ ಮದ್ದಿದೆ. ಮೆಕ್ಸಿಕೊದ ಜೈಗೊಗ್ರಾಮ ದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಡಲಾಯಿತು. ಮರಿಯೂ ದುಂಬಿಯೂ ಎಲೆ ತಿಂದು ಗಿಡವನ್ನು ಬೋಳು ಮಾಡುತ್ತವೆ. ಸೂರ್ಯಕಾಂತಿಯನ್ನೂ ತಿನ್ನುತ್ತದೆಂಬ ಆತಂಕ ಎದ್ದಾಗ ಹುಡುಕಿ ನೋಡಿದರೆ, ಪಾರ್ಥೇನಿಯಂ ಪರಾಗ ಬಿದ್ದ ಎಲೆಗಳಿಗೆ ಅದು ಬಾಯಿ ಹಾಕಿತ್ತು. ಇಂಥ ಪ್ರಯೋಗ ದಕ್ಷಿಣ ಭಾರತಕ್ಕೆ ಹೊಸದೂ ಅಲ್ಲ: 1926ರಲ್ಲಿ ಸಿಂಹಳದಿಂದ ತಂದ ಕಾಕಿನೀಲ್ ಕೀಟ ಹೊಲ, ಗೋಮಾಳ ನುಂಗಿದ್ದ ಪಾಪಾಸುಕಳ್ಳಿಯನ್ನು ಕೆಲವೇ ವರ್ಷಗಳಲ್ಲಿ ಹತೋಟಿಗೆ ತಂದಿತ್ತು. ಜೈಗೊಗ್ರಾಮದ ಮಿತಿ ಎಂದರೆ ಒಣ ತಿಂಗಳುಗಳಲ್ಲಿ ಅದು ಮಣ್ಣೊಳಗೆ ನಿದ್ದೆ ಹೋಗುತ್ತದೆ. ಮಳೆ ಕಡಿಮೆಯಾದ ಕಲ್ಯಾಣದುರ್ಗದಂಥ ಕಡೆ ಅದರ ಕೆಲಸದ ಕಾಲ ಚಿಕ್ಕದು. ಅಲ್ಲಿ ಬದುವಿನ ಕಳೆಯನ್ನು ಕೈಯಿಂದಲೂ ಕೀಳಬೇಕಾಗುತ್ತದೆ.